ಬಕೆಟ್ಟಿನಲ್ಲಿ ನೆನೆಹಾಕಿದ ಕಲ್ಲು

ಬೇರೆಯವರ ಮನೆಯಲ್ಲಿ ಬಟ್ಟೆ ನೆನೆಹಾಕಿದರೆ ರೋಲರಕ್ಕನ ಮನೆಯಲ್ಲಿ ಕಲ್ಲು ನೆನೆಹಾಕುತ್ತಿದ್ದರು. ಬಚ್ಚಲಿನ ಮೂಲೆಯಲ್ಲಿ ಅದಕ್ಕೆಂದೇ ಒಂದು ನೀಲಿ ಬಕೆಟ್. "ಈ ಮನೇಲಿ ಮೊದಲು ಕಲ್ಲಿಗೆ ಸ್ನಾನ, ಆಮೇಲೆ ನನಗೆ," ಎಂದು ಗಂಡ ಗೊಣಗುತ್ತಿದ್ದ.

ಹೆದ್ದಾರಿಗಾಗಿ ಗುಡ್ಡ ಕಡಿದು, ಅದೇ ಕಲ್ಲನ್ನು ಮುಂದಿನ ತಗ್ಗಿನಲ್ಲಿ ಪದರ ಪದರವಾಗಿ ಹರಡಿ ರಸ್ತೆಗೆ ಏರಿ ಕಟ್ಟುತ್ತಿದ್ದರು. ಅಕ್ಕನ ತಮ್ಮ ಬುಲ್ಡೋಜರ್ ಓಡಿಸಿ ಕಲ್ಲು ಹರಡುವವನು, ಅಕ್ಕ ಅದರ ಮೇಲೆ ರೋಲರ್ ಓಡಿಸಿ ಬಿಗಿ ಮಾಡುವವಳು. ಕೆಲವು ಕಲ್ಲು ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಕೆಸರು. ಅಂಥದ್ದು ಸೇರಿದರೆ ಏರಿ ಕುಸಿಯುತ್ತದೆ ಎಂದು ಎಂಜಿನಿಯರಮ್ಮ ಹೇಳಿಕೊಟ್ಟ ದಿನದಿಂದ, ಗುಡ್ಡದ ಹೊಸ ಮಗ್ಗುಲು ಕಡಿದಾಗಲೆಲ್ಲ ಒಂದು ಕಲ್ಲು ಅಕ್ಕನ ಬಕೆಟ್ಟಿಗೆ ಬೀಳುತ್ತಿತ್ತು. ಬೆಳಿಗ್ಗೆ ಅದು ಕಲ್ಲಾಗಿಯೇ ಉಳಿದಿದ್ದರೆ ಮಾತ್ರ ಆ ಮಗ್ಗುಲಿನ ಲಾರಿಗಳು ಹೊರಡಬೇಕು.

ಒಂದೇ ಒಂದು ಸಲ ಅಕ್ಕ ಸೋತಳು. ತಮ್ಮನ ಹೆಂಡತಿಗೆ ದಿನ ತುಂಬಿತ್ತು. ಅಂದು ಹೊಸ ಮಗ್ಗುಲು ಕಡಿದಿದ್ದರು, ಅದರ ಕಲ್ಲಿನ ಪದರ ಮುಗಿದರೆ ಅವನಿಗೆ ರಜೆ.

"ಅದೇ ಗುಡ್ಡ, ಅದೇ ಕಲ್ಲು ಕಣಕ್ಕಾ. ಇವತ್ತೊಂದಿನ ನೆನೆಹಾಕೋದು ಬಿಟ್ಟುಬಿಡು," ಎಂದು ಅಂಗಲಾಚಿದ.

ಅಕ್ಕ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟಳು. "ಸರಿ, ಹರಡು," ಎಂದಳು. ಸಂಜೆಗೆ ಪದರ ಮುಗಿಯಿತು. ಆದರೂ ಅಭ್ಯಾಸ ಬಿಡಬೇಕಲ್ಲ, ಮನೆಗೆ ಹೋಗುವಾಗ ಒಂದು ಕಲ್ಲು ಎತ್ತಿಕೊಂಡಳು.

ಬೆಳಿಗ್ಗೆ ಬಕೆಟ್ಟಿಗೆ ಕೈ ಹಾಕಿದರೆ ಬೆರಳಿಗೆ ಅಂಟಿದ್ದು ಬರೀ ರಾಡಿ.

ಬಾಯಿ ಮುಚ್ಚಿಕೊಂಡಿದ್ದರೆ ಮಳೆಗಾಲದವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಮ್ಮ ಆಗಲೇ ಚೀಲ ಹೆಗಲಿಗೇರಿಸಿ ರಜೆ ಕೇಳಲು ಎಂಜಿನಿಯರಮ್ಮನ ಬಳಿ ನಿಂತಿದ್ದ. ಅಕ್ಕ ಬಕೆಟ್ ಹೊತ್ತುಕೊಂಡೇ ಅಲ್ಲಿಗೆ ಬಂದಳು.

"ತಪ್ಪು ನಂದು ಮೇಡಂ. ನೆನೆಸಿ ನೋಡದೆ ಹರಡು ಅಂದಿದ್ದು ನಾನೇ. ಆ ಪದರ ತೆಗೀಬೇಕು. ಇವನನ್ನ ಕಳಿಸ್ಬಿಡಿ, ಬುಲ್ಡೋಜರ್ ನಾನೇ ಓಡಿಸ್ತೀನಿ."

ಎಂಥ ಎದೆಗಾರಿಕೆ ನೋಡಿ! ಯಾರೂ ಕೇಳದೆಯೇ ಹೀಗೆ ಒಪ್ಪಿಕೊಳ್ಳುವವರನ್ನು ದುರ್ಬೀನು ಹಾಕಿ ಹುಡುಕಬೇಕು.

ತಮ್ಮ ಕೆಂಡಾಮಂಡಲವಾದ. "ನೀನು ಅಕ್ಕನಾ, ಶತ್ರುನಾ?" ಎಂದ. ಆದರೆ ಬಕೆಟ್ಟಿನೊಳಗೆ ಒಮ್ಮೆ ಕೈಯಾಡಿಸಿ, ರಾಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಚೀಲ ಅಲ್ಲೇ ಎಸೆದು ಬುಲ್ಡೋಜರ್ ಹತ್ತಿದ. "ಹಾಕಿದವನು ನಾನು. ತೆಗೆಯೋನೂ ನಾನೇ."

ಇಡೀ ದಿನ ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ಅರ್ಧ ಪದರ ತೆಗೆಯುವಷ್ಟರಲ್ಲಿ ಅವನಿಗೆ ಫೋನ್ ಬಂತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ. ಅಪ್ಪ ಮಾತ್ರ ಇಲ್ಲಿ ಕಲ್ಲು ತೆಗೆಯುತ್ತಿದ್ದ. ಅಕ್ಕ ರೋಲರಿನ ಗಾಲಿಗೆ ಒರಗಿ ಅತ್ತುಬಿಟ್ಟಳು.

ಕೆಲಸ ಮುಗಿಸಿ ತಮ್ಮ ಇಳಿದು ಬಂದ. ಬಕೆಟ್ ತೊಳೆದ, ನೀರು ತುಂಬಿದ, ಗುಡ್ಡದ ಇನ್ನೊಂದು ಮಗ್ಗುಲಿನ ಕಲ್ಲೊಂದನ್ನು ತಂದು ಅದರೊಳಗೆ ಇಳಿಸಿದ.

"ಬೆಳಿಗ್ಗೆ ನೋಡಿ ಫೋನ್ ಮಾಡಕ್ಕಾ," ಎಂದು ಚೀಲ ಎತ್ತಿಕೊಂಡ. "ನನ್ನ ಮಗಳನ್ನ ಇದೇ ದಾರೀಲಿ ಕರ್ಕೊಂಡು ಬರೋದು ನಾನು."