ಅವ್ವನ ಕೈಗೆ ನಾನು ಕೊಟ್ಟ ಹೋಲಿಕೆ

ಗ್ಯಾರೇಜಿನ ಕೆಲಸದ ನಡುವೆ ಊಟಕ್ಕೆ ಬಂದಿದ್ದೆ. ಆಟೋ ನಗರದ ಖಾನಾವಳಿಯಲ್ಲಿ ಇಂದು ರೊಟ್ಟಿ ಸುಡುವ ವಾಸನೆ ಬಂದದ್ದೇ ತಡ, ಮನಸ್ಸಿನಲ್ಲೇ ಖಾನಾಪುರದ ನಮ್ಮ ಶಾಲೆಗೆ ಓಡಿಬಿಟ್ಟೆ!

ಅಂದು ಅವ್ವನ ಕೈ ಬಗ್ಗೆ ಪದ್ಯ ಬರೆಯಲು ಕನ್ನಡ ಕಲಿಸುವ ಅಕ್ಕೋರು ಹೇಳಿದ್ದರು. ಎಲ್ಲರೂ ಮಲ್ಲಿಗೆ, ಬೆಣ್ಣೆ ಎಂದು ಬರೆದರು. ನನಗೆ ಸುಳ್ಳು ಬರೆಯಲಾಗಲಿಲ್ಲ. ‘ನಮ್ಮವ್ವನ ಕೈ ರೊಟ್ಟಿಯ ಹಂಚು, ಕಪ್ಪಾದರೂ ಬಿಸಿ ಆರುವುದಿಲ್ಲ’ ಎಂದು ಓದಿದೆ.

"ಅವ್ವಗ ಕರೀಕಿ ಅಂತಾನ ನೋಡ್ರೀ!" ಒಬ್ಬ ಕೂಗಿದ. ತರಗತಿ ಗೊಳ್ಳೆಂದಿತು. ಅವ್ವನನ್ನೇ ಅವಮಾನಿಸಿದೆನೇನೋ ಎಂದು ಕಣ್ಣು ತುಂಬಿತು.

ಅಕ್ಕೋರು ಕೇಳಿದರು, "ನಗೂದು ಸಾಕು. ಈ ಪದ್ಯ ಯಾವುದರ ಬಗ್ಗೆ ಐತಿ?"

"ದುಡಿಮಿ ಬಗ್ಗೆ ರೀ," ಎಂದಳು ಹಿಂದಿನ ಬೆಂಚಿನ ಹುಡುಗಿ.

"ಆ ಮಾತು ಪದ್ಯದಾಗ ಎಲ್ಲೈತಿ?"

"ಹಂಚಿನಾಗ ಐತಲ್ರೀ!"

ನಾನು ಬೆಂಚು ಹತ್ತಿ ಕುಣಿದೆ. "ಇಳಿಯೋ ಮಂಗ್ಯಾ!" ಎಂದು ಗದರಿದ ಅಕ್ಕೋರೂ ನಗುತ್ತಿದ್ದರು.

ಶಾಲೆ ಬಿಟ್ಟಿದ್ದೇನೆ, ನಿಜ. ಆದರೂ ಈಗ ಗ್ರೀಸ್ ಹತ್ತಿದ ನನ್ನ ಅಂಗೈಗೊಂದು ಹೋಲಿಕೆ ಹುಡುಕುತ್ತ ಕೂತಿದ್ದೇನೆ. ತಟ್ಟೆಯಲ್ಲಿ ರೊಟ್ಟಿ ಆರುತ್ತಿದೆ.