ಮಲ್ಲಾಬಾಯಿ ಮತ್ತು ಹನ್ನೊಂದನೆಯ ಪ್ರಯೋಗದ ಕ್ಯಾಸೆಟ್ಟು

೧೯೯೬ರ ಕ್ಯಾಲೆಂಡರನ್ನು ಯಾರಾದರೂ ಜೋಪಾನವಾಗಿ ಇಟ್ಟುಕೊಂಡಿದ್ದರೆ ೨೦೨೪ರಲ್ಲಿ ಅದನ್ನೇ ಮತ್ತೆ ಗೋಡೆಗೆ ತೂಗುಹಾಕಬಹುದಿತ್ತು. ಎರಡೂ ವರ್ಷಗಳು ಸೋಮವಾರದಿಂದ ಆರಂಭವಾದವು. ಎರಡರಲ್ಲಿಯೂ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ. ಈ ಮಾತನ್ನು ನಾನು ಈ ವರ್ಷದ ಜನವರಿಯಲ್ಲಿ, ಸುರಪುರದ ರಂಗಂಪೇಟೆಯಲ್ಲಿ ಹೊಲಿಗೆ ಕೆಲಸ ಮಾಡುವ ಮಲ್ಲಾಬಾಯಿಗೆ ಹೇಳಿದೆ. ಆಕೆ ಯಂತ್ರ ತುಳಿಯುವುದನ್ನು ನಿಲ್ಲಿಸಿದಳು.

"ಹಂಗಾದ್ರ ಆ ಐತವಾರ ಮತ್ತ ಬರತದೇನ್ರಿ, ಮಾಸ್ತರ್ರ?"

"ಬರತದ. ಫೆಬ್ರವರಿ ಹನ್ನೊಂದು, ರವಿವಾರ."

ಆಕೆ ದಾರವನ್ನು ಹಲ್ಲಿನಿಂದ ಕಡಿದಳು.

ಮಲ್ಲಾಬಾಯಿ ಹುಟ್ಟಿದ್ದು ೧೯೬೯ರ ಜೂನ್ ೩ರಂದು, ಯಾದಗಿರಿಯಲ್ಲಿ. ತಾಯಿ ನಾಟಕ ಕಂಪನಿಗಳಲ್ಲಿ ಹಾಡುತ್ತಿದ್ದವಳು. ಮಗಳಿಗೆ ಹಾಡು ಬರಲಿಲ್ಲ. ಎತ್ತರದ ಆಳು, ದಪ್ಪ ದನಿ. ಹೀಗಾಗಿ ಹದಿನೈದನೆಯ ವಯಸ್ಸಿಗೆ ದ್ವಾರಪಾಲಕನ ಪಾತ್ರ, ಇಪ್ಪತ್ತಕ್ಕೆ ಪೊಲೀಸನ ಪಾತ್ರ. ಗಂಡುವೇಷದ ಹೆಣ್ಣೆಂದು ಜನ ಗುರುತಿಸುತ್ತಿದ್ದರೇ ಹೊರತು ಹೆಸರು ಕೇಳುತ್ತಿರಲಿಲ್ಲ.

೧೯೯೫ರ ಡಿಸೆಂಬರಿನಲ್ಲಿ ಆಕೆಯ ಕಂಪನಿ ಒಂದು ಹೊಸ ನಾಟಕ ಕಟ್ಟಿತು. ಊರಿಗೆ ಗಂಡಸೆಂದು ತೋರಿಸಿಕೊಂಡು ಕಲ್ಲು ಒಡೆದು ಬದುಕುವ ಒಬ್ಬ ಹೆಣ್ಣು. ಅವಳನ್ನು ಗಂಡಸೆಂದೇ ತಿಳಿದು ಮದುವೆಯಾಗುವ ಇನ್ನೊಬ್ಬಳು. ಗುಟ್ಟು ಬಯಲಾದ ಮೇಲೂ ಹೆಂಡತಿ ಮನೆ ಬಿಡುವುದಿಲ್ಲ. "ನಾ ಲಗ್ನ ಆದದ್ದು ಮನಷ್ಯಾಗ, ತಲಿ ಮ್ಯಾಲಿನ ಪಟಗಾಕ್ಕಲ್ಲ" ಎಂದು ಪಂಚರೆದುರು ನಿಂತು ಹೇಳುತ್ತಾಳೆ. ಕಲ್ಲು ಒಡೆಯುವವಳು ಮಲ್ಲಾಬಾಯಿ. ಹೆಂಡತಿಯ ಪಾತ್ರಕ್ಕೆ ಬಂದವಳು ಹತ್ತೊಂಬತ್ತು ವರ್ಷದ ಅನುರಾಧಾ. ಈಗ ಟಿವಿಯ ಹಾಸ್ಯ ಧಾರಾವಾಹಿಯಲ್ಲಿ ಚಾಡಿ ಹೇಳುವ ಅತ್ತೆಯಾಗಿ ಮನೆಮನೆಗೂ ಗೊತ್ತಿರುವ ನಟಿ ಆಕೆಯೇ. ಅವಳ ಮೊದಲ ದೊಡ್ಡ ಪಾತ್ರ ಈ ಹೆಂಡತಿಯದೆಂಬುದು ಇತ್ತೀಚಿನವರೆಗೆ ಯಾರಿಗೂ ತಿಳಿದಿರಲಿಲ್ಲ.

ಯಾದಗಿರಿಯಲ್ಲಿ ನಾಲ್ಕು ಪ್ರಯೋಗ, ಸುರಪುರದಲ್ಲಿ ಎರಡು, ಶಹಾಪುರದಲ್ಲಿ ಐದು, ಒಟ್ಟು ಹನ್ನೊಂದು. ಈಗ ನಿವೃತ್ತನಾಗಿ ಸುರಪುರದಲ್ಲಿದ್ದು ಮಲ್ಲಾಬಾಯಿಯ ಮನೆಗೆ ಹೋಗಿಬರುವ ನಾನು ಆಗ ಶಹಾಪುರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕ. ಉಚ್ಚಾರ ಶುದ್ಧವಾಗಿದೆ ಎಂಬ ಕಾರಣಕ್ಕೆ ರವಿವಾರದ ಆಟಗಳಿಗೆ ಕಂಪನಿಯವರು ನನ್ನನ್ನು ಮೈಕಿನ ಮುಂದೆ ಕೂರಿಸುತ್ತಿದ್ದರು. ನನ್ನ ಮುಖ್ಯ ಕೆಲಸ ಆಯೇರಿ ಓದುವುದು. ನಮ್ಮ ಕಡೆ ನಾಟಕದ ನಡುವೆ ನೋಡುಗರು ಮೆಚ್ಚಿದ ಪಾತ್ರಧಾರಿಗೆ ಸೀರೆ, ರುಮಾಲು, ಉಂಗುರ ಕೊಡುತ್ತಾರೆ. ಕೊಟ್ಟವರ ಹೆಸರು, ಊರು ಬರೆದ ಚೀಟಿ ತಾಟಿನಲ್ಲಿ ಬರುತ್ತದೆ. ಅದನ್ನು ಒಂದಕ್ಷರ ಬಿಡದೆ ಓದಬೇಕು. ಬಿಟ್ಟರೆ ಕೊಟ್ಟವರಿಗೆ ಅವಮಾನ. ಅದಕ್ಕಾಗಿ ಪರದೆಯ ಹಿಂದೆ ಹೊಡೆದಾಟಗಳೇ ಆಗಿವೆ.

ಶಹಾಪುರದಲ್ಲಿ ಆ ದಿನಗಳಲ್ಲಿ ಕಕ್ಕೇರಾದ ಮಾನಮ್ಮ ಎಂಬ ಹುಡುಗಿ ಹೊಲಿಗೆ ತರಬೇತಿಗೆಂದು ಬಂದು ಸೋದರತ್ತೆಯ ಮನೆಯಲ್ಲಿದ್ದಳು. ಕಂಪನಿಯ ಬಟ್ಟೆಗಳನ್ನು ಆಕೆಯೇ ಹೊಲಿದುಕೊಟ್ಟಳು. ಮಲ್ಲಾಬಾಯಿಗೆ ಯಂತ್ರ ತುಳಿಯಲು ಕಲಿಸಿದಳು. ಐದೂ ಆಟ ನೋಡಿದಳು. ಅವರಿಬ್ಬರ ನಡುವೆ ಏನಿತ್ತೆಂಬುದು ಅವರಿಬ್ಬರಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಾಗುವ ಕಾರಣವಿರಲಿಲ್ಲ.

೧೯೯೬ರ ಫೆಬ್ರವರಿ ೧೧, ರವಿವಾರ, ಮಧ್ಯಾಹ್ನ ಮೂರರ ಆಟ, ಹನ್ನೊಂದನೆಯ ಪ್ರಯೋಗ. ತಾಟಿನಲ್ಲಿ ಬಂದ ಐದನೆಯ ಚೀಟಿಯನ್ನು ನಾನು ಓದಿದೆ: "ಕಕ್ಕೇರಾದ ಮಾನಮ್ಮನಿಂದ ಮಲ್ಲಾಬಾಯಿಗೆ ಹಸಿರು ಸೀರೆ, ಹಸಿರು ಬಳೆ. ಜೀವ ಇರೂ ತನಕ."

ಹಸಿರು ಸೀರೆ, ಹಸಿರು ಬಳೆ ಮದುಮಗಳಿಗೆ ಕೊಡುವಂಥವು. ಚೀಟಿ ಮಲ್ಲಾಬಾಯಿಯ ಕೈಗಷ್ಟೇ ಸೇರಬೇಕಾಗಿತ್ತು. ಸೀರೆಯ ಮಡಿಕೆಯೊಳಗಿದ್ದದ್ದನ್ನು ಯಾರೋ ತೆಗೆದು, ಆಯೇರಿ ಚೀಟಿಯೆಂದು ತಾಟಿಗೆ ಹಾಕಿದ್ದರು. ನಾನಾದರೂ ತಡೆಯಬಹುದಿತ್ತು. ಕೊನೆಯ ಮೂರು ಶಬ್ದಗಳ ಮೇಲೆ ನನ್ನ ಕಣ್ಣು ಒಂದು ಕ್ಷಣ ನಿಂತದ್ದೂ ನಿಜ. ಆದರೆ ಚೀಟಿಯಲ್ಲಿದ್ದದ್ದನ್ನು ಬಿಡುವ ಅಭ್ಯಾಸ ನನಗಿರಲಿಲ್ಲ. ಆರುನೂರು ಜನರಿದ್ದ ಟೆಂಟು ಮೊದಲು ನಕ್ಕಿತು, ಅನಂತರ ಮಾನಮ್ಮನನ್ನು ಹುಡುಕಿ ಹೆಂಗಸರ ಸಾಲಿನ ಕಡೆಗೆ ತಿರುಗಿತು.

ಫೆಬ್ರವರಿ ೧೩, ಮಂಗಳವಾರ ಮಾನಮ್ಮನ ಅಣ್ಣ ಮರಿಲಿಂಗ ಜೀಪು ತಂದು ತಂಗಿಯನ್ನು ಕರೆದೊಯ್ದ. ಮೇ ೫ರಂದು ದೇವಾಪುರದ ಒಬ್ಬ ರೈತನೊಂದಿಗೆ ಆಕೆಯ ಮದುವೆಯಾಯಿತು. ಕಂಪನಿಯವರು ಆ ನಾಟಕವನ್ನು ಮತ್ತೆ ಆಡಲಿಲ್ಲ. ಆ ವರ್ಷದ ಕೊನೆಗೆ ಕಂಪನಿಯೇ ಮುಚ್ಚಿತು. ಕಲಿತ ಹೊಲಿಗೆಯನ್ನೇ ನಂಬಿ ಮಲ್ಲಾಬಾಯಿ ಸುರಪುರಕ್ಕೆ ಬಂದಳು.

೧೯೯೭ರ ಯುಗಾದಿಗೆ ಐದು ದಿನ ಮೊದಲು ಮಾನಮ್ಮ ದೇವಾಪುರದಿಂದ ಬಸ್ಸಿಳಿದು ಬಂದು, "ಜಂಪರ ಹೊಲೀಬೇಕಾಗಿತ್ತರಿ" ಎಂದಳು. ಅಳತೆಗೆಂದು ತನ್ನದೊಂದು ಜಂಪರವನ್ನು, ಅಂದರೆ ರವಿಕೆಯನ್ನು, ಬಿಟ್ಟುಹೋದಳು. ಅಲ್ಲಿಂದ ಪ್ರತಿವರ್ಷ ಯುಗಾದಿಗೊಮ್ಮೆ, ನಾಗಪಂಚಮಿಗೊಮ್ಮೆ ಬರುತ್ತಿದ್ದಳು. ತಾನೇ ಹೊಲಿಗೆ ಬಲ್ಲವಳು ಇನ್ನೊಬ್ಬರ ಹತ್ತಿರ ಹೊಲಿಸುವುದೇಕೆಂದು ದೇವಾಪುರದಲ್ಲಿ ಯಾರೂ ಕೇಳಲಿಲ್ಲ. ಮಧ್ಯಾಹ್ನದ ಎರಡು ತಾಸು ಕುಳಿತು, ಚಹಾ ಕುಡಿದು, ನಾಲ್ಕರ ಬಸ್ಸಿಗೆ ಹೋಗುವಳು. ಅಳತೆ ಜಂಪರವನ್ನು ಎಂದೂ ಮರಳಿ ಒಯ್ಯಲಿಲ್ಲ. ಅದು ಇಲ್ಲಿರುವ ತನಕ ಬರುವುದಿದೆ ಎಂದರ್ಥ.

ಮಾನಮ್ಮನ ಗಂಡ ೨೦೧೫ರಲ್ಲಿ ತೀರಿಕೊಂಡ. ಹಿರಿಯ ಮಗನಿಗೆ ಮರಿಲಿಂಗನ ಮಗಳನ್ನೇ ತಂದುಕೊಂಡಿದ್ದರಿಂದ ಆ ಮನೆಯಲ್ಲಿ ಈಗ ಮರಿಲಿಂಗನ ಮಾತೇ ನಡೆಯುತ್ತದೆ. ವರ್ಷಕ್ಕೆ ಎರಡು ಮಧ್ಯಾಹ್ನ: ಮಲ್ಲಾಬಾಯಿಗೆ ಉಳಿದಿದ್ದದ್ದು ಅಷ್ಟು.

೨೦೨೩ರ ಡಿಸೆಂಬರ್ ೩೧ರಂದು ಅನುರಾಧಾ ಟಿವಿಯ ಸಂದರ್ಶನದಲ್ಲಿ, "ನನ್ನ ಮೊದಲ ಗಂಡ ಒಬ್ಬ ಹೆಂಗಸು, ಶಹಾಪುರದ ಸ್ಟೇಜಿನಾಗ" ಎಂದು ನಗಿಸಿದಳು. ಅದನ್ನು ನೋಡಿ ಜನವರಿ ೧೬ರಂದು ಕಲಬುರಗಿಯ ನುಜ್ಹತ ಎಂಬ ಹೆಣ್ಣುಮಗಳು ಮಲ್ಲಾಬಾಯಿಯ ಬಾಗಿಲಿಗೆ ಬಂದಳು. ಲೈಂಗಿಕ ಅಲ್ಪಸಂಖ್ಯಾತರ ಬದುಕು ಕನ್ನಡ ರಂಗಭೂಮಿಯಲ್ಲಿ, ಟಿವಿಯಲ್ಲಿ ಎಲ್ಲೆಲ್ಲಿ ಕಾಣಿಸಿಕೊಂಡಿದೆ ಎಂದು ಹುಡುಕುತ್ತಿದ್ದವಳು. ಹನ್ನೊಂದನೆಯ ಪ್ರಯೋಗವನ್ನು ಶಹಾಪುರದ ಮದುವೆ ವಿಡಿಯೊದವನೊಬ್ಬ ಕ್ಯಾಸೆಟ್ಟಿಗೆ ಹಿಡಿದಿದ್ದ. ಅದು ಮಲ್ಲಾಬಾಯಿಯ ಟ್ರಂಕಿನಲ್ಲಿತ್ತು.

ನುಜ್ಹತ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಬೂಷ್ಟು ಹಿಡದದ, ಅಮ್ಮಾ. ಇನ್ನೊಂದು ಬ್ಯಾಸಗಿ ತಡಿಯಂಗಿಲ್ಲ. ಈಗ ಕಾಪಿ ಮಾಡಿದ್ರ ಉಳಿತದ. ಯಾದಗಿರ್ಯಾಗ ಒಮ್ಮೆ ತೋರಿಸೋಣು. ಅನುರಾಧಾ ಮೇಡಂ ಬರತೀನಿ ಅಂದಾರ."

"ತೋರಿಸಿದ್ರ ಮಂದಿ ಏನಂತಾರವ್ವ?"

"ಈಗ ಕಾಯ್ದೆ ಬದಲಾಗ್ಯಾದ. ಹೆಣ್ಣು ಹೆಣ್ಣು ಕೂಡಿ ಇದ್ರ ಅಪರಾಧಲ್ಲ ಅಂತ ಸುಪ್ರೀಂ ಕೋರ್ಟೇ ಹೇಳ್ಯಾದ."

"೨೦೧೮, ಸೆಪ್ಟೆಂಬರ್ ಆರು" ಎಂದು ನಾನು ಸೇರಿಸಿದೆ.

ಮಲ್ಲಾಬಾಯಿ ನಮ್ಮಿಬ್ಬರನ್ನೂ ನೋಡಿದಳು. "ಆ ಕಾಯ್ದೆ ದೇವಾಪುರಕ್ಕ ಯಾವ ಬಸ್ಸಿಗೆ ಬರತದರಿ?"

ಆದರೂ ಆಕೆಯ ಮನಸ್ಸು ತೂಗಿತು. ಅನುರಾಧಾ ಫೋನಿನಲ್ಲಿ, "ಮಲ್ಲಕ್ಕಾ, ಮಂದಿಗೆ ನಾ ಬರೇ ನಗಸೋ ಅತ್ತಿ. ಒಮ್ಮೆ ಖರೇ ಪಾರ್ಟು ಮಾಡೀನಿ, ಅದನ್ನ ನೋಡ್ದವರು ಯಾರದಾರ?" ಎಂದಿದ್ದಳು. ಮಲ್ಲಾಬಾಯಿಗೂ ಅದೇ. ಹನ್ನೆರಡು ವರ್ಷ ಬಣ್ಣ ಹಚ್ಚಿದ್ದಕ್ಕೆ ಆ ಒಂದು ಕ್ಯಾಸೆಟ್ಟಿನ ಹೊರತು ಸಾಕ್ಷಿಯಿರಲಿಲ್ಲ.

"ನಿಮ್ಮ ದನಿ ಅದರಾಗ ಅದರಿ, ಮಾಸ್ತರ್ರ" ಎಂದಳು ನನಗೆ. "ಆಕಿ ಹೆಸರು ಅದ."

"ಅದನ್ನು ಕತ್ತರಿಸಿ ತೆಗಸ್ತೀನಿ. ಅದು ನನ್ನ ಜವಾಬ್ದಾರಿ."

ಜನವರಿ ೨೫, ಗುರುವಾರ ಮರಿಲಿಂಗ ಬಂದ. ಕಕ್ಕೇರಾದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ, ಬಿಳಿ ಅಂಗಿಯ, ಮೆಲ್ಲನೆ ಮಾತಾಡುವ ಮನುಷ್ಯ. ಹೊಸ್ತಿಲ ಹೊರಗೇ ನಿಂತು ಕೈಮುಗಿದ.

"ಟಿವಿಯಾಗ ನಿಮ್ಮ ಸುದ್ದಿ ಬಂತಂತ, ಬಾಯರ. ದೊಡ್ಡ ಮಂದಿ ಆದ್ರಿ."

"ಒಳಗ ಬರ್ರಿ."

"ಬ್ಯಾಡ್ರಿ, ಅವಸರ ಅದ. ಒಂದು ಮಾತು ಕೇಳಿ ಹೋಗತೀನಿ. ಆ ನಾಟಕದಾಗ ನಮ್ಮನಿ ಮಂದಿದು ಯಾರದೂ ಹೆಸರಿಲ್ಲ, ಹೌದಲ್ರಿ?"

ಮಲ್ಲಾಬಾಯಿ ಉತ್ತರಿಸುವ ಮೊದಲೇ ನಾನು, "ಇಲ್ಲ" ಎಂದೆ.

"ಮಾಸ್ತರ್ರು ಹೇಳಿದ ಮ್ಯಾಲ ಮುಗೀತು" ಎಂದು ಆತ ನಕ್ಕ. ಹೋಗುವಾಗ ಗೂಟಕ್ಕೆ ತೂಗುಹಾಕಿದ್ದ ಜಂಪರಗಳನ್ನು ಒಂದೊಂದಾಗಿ ನೋಡಿದ. ಮಾನಮ್ಮನ ಅಳತೆ ಜಂಪರ ಅವುಗಳ ನಡುವೆಯೇ ಇತ್ತು. ಅಂದಿನಿಂದ ಅವನ ಅಂಗಡಿಯ ಆಳೊಬ್ಬ ಎದುರಿನ ಚಹಾದ ಹೋಟೆಲಿನಲ್ಲಿ ದಿನವೂ ಬಂದು ಕೂರತೊಡಗಿದ. ಚಹಾ ತರಿಸಿಕೊಳ್ಳುತ್ತಿದ್ದ, ಕುಡಿಯುತ್ತಿರಲಿಲ್ಲ.

ಫೆಬ್ರವರಿ ೨ರಂದು ನುಜ್ಹತಳ ಲ್ಯಾಪ್‌ಟಾಪಿನಲ್ಲಿ ನಾನು ಇಡೀ ನಾಟಕ ನೋಡಿದೆ. ಒಂದು ತಾಸು ಹನ್ನೆರಡು ನಿಮಿಷಕ್ಕೆ ನನ್ನ ದನಿ ಬಂತು. ಐವತ್ತು ಸೆಕೆಂಡುಗಳನ್ನು ಕತ್ತರಿಸಿದೆವು. ಜೋಡಣೆ ಕಾಣದಂತಾಯಿತು. ಕೊನೆಯ ಅಂಕದ ಪರದೆ ಬಿದ್ದಾಗ ನುಜ್ಹತ ಕೇಳಿದಳು:

"ಮುಂದ ಇನ್ನೂ ಆರು ನಿಮಿಷ ಅದ, ಸರ್. ನೋಡೋಣೇನ್ರಿ?"

"ಮುಂದ ಏನಿಲ್ಲ. ಮಂಗಳಾರತಿ" ಎಂದೆ.

ಫೆಬ್ರವರಿ ೧೧, ರವಿವಾರ, ಮಧ್ಯಾಹ್ನ ಮೂರು ಗಂಟೆ. ಯಾದಗಿರಿಯ ಸ್ಟೇಶನ್ ಹತ್ತಿರದ ಒಂದು ಚಿಕ್ಕ ಸಭಾಂಗಣ, ಎಂಬತ್ತು ಕುರ್ಚಿ. ಅನುರಾಧಾ ಕಾರಿನಿಂದ ಇಳಿದಾಗ ಹುಡುಗಿಯರು ಮೊಬೈಲು ಹಿಡಿದು ಮುತ್ತಿದರು. "ಅತ್ತಿ, ಒಂದು ಡೈಲಾಗ್ ಹೇಳ್ರಿ" ಎಂದರು. ಆಕೆ ಹೇಳಿದಳು, ನಕ್ಕರು. ಮಲ್ಲಾಬಾಯಿಯನ್ನು ತಬ್ಬಿಕೊಂಡು, "ಇವ್ರೇ ನೋಡ್ರಿ ನಮ್ಮ ಯಜಮಾನ್ರು" ಎಂದಳು. ಮತ್ತೆ ನಕ್ಕರು. ಮೂರನೆಯ ಸಾಲಿನ ಅಂಚಿನ ಕುರ್ಚಿಯಲ್ಲಿ ಮರಿಲಿಂಗ ಕುಳಿತಿದ್ದ. ಅವನು ನಗುತ್ತಿರಲಿಲ್ಲ, ಗಡಿಯಾರವನ್ನು ನೋಡಿಕೊಂಡ.

ನಾಟಕ ಆರಂಭವಾಯಿತು. ಮೊದಲರ್ಧ ಜನ ನಕ್ಕರು, ೧೯೯೬ರಲ್ಲಿ ನಕ್ಕ ಜಾಗಗಳಲ್ಲಿಯೇ. ಪಂಚರ ದೃಶ್ಯದಲ್ಲಿ ಹತ್ತೊಂಬತ್ತರ ಅನುರಾಧಾ ತಲೆಯ ಮೇಲಿನ ಸೆರಗನ್ನು ಸರಿಪಡಿಸದೆ ಮಾತಾಡಿದಳು. ಈಗಿನ ಅನುರಾಧಾ ಬಾಯಿಗೆ ಕರವಸ್ತ್ರ ಒತ್ತಿ ಕುಳಿತಿದ್ದಳು. ಒಂದು ತಾಸು ಹನ್ನೆರಡು ನಿಮಿಷ ಬಂತು, ದಾಟಿತು. ಮಲ್ಲಾಬಾಯಿ ಕುರ್ಚಿಗೆ ಬೆನ್ನು ಆನಿಸಿದಳು.

ಪರದೆ ಬಿತ್ತು. ಚಪ್ಪಾಳೆ. ಕೆಲವರು ಏಳತೊಡಗಿದರು. ತೆರೆಯ ಮೇಲೆ ಆರತಿಯ ತಟ್ಟೆ ಬಂತು, ಹಾರ್ಮೋನಿಯಂ ನುಡಿಯಿತು, ಅದರ ಹಿಂದೆಯೇ ಒಂದು ದನಿ.

"ಇಂದಿನ ಆಟಕ್ಕೆ ಆಯೇರಿ ಮಾಡಿದ ಮಹನೀಯರು..."

ಆಗ ನನಗೆ ನೆನಪಾಯಿತು. ಆಯೇರಿಯನ್ನು ಎರಡು ಸಲ ಓದುವ ಪದ್ಧತಿ. ನಡುವೆ ಒಮ್ಮೆ, ಮಂಗಳಾರತಿಗೆ ಮೊದಲು ಇನ್ನೊಮ್ಮೆ, ಕೃತಜ್ಞತೆಗಾಗಿ. ನಾನೇ ನೂರು ಸಲ ಓದಿದ್ದವನು. ನುಜ್ಹತ ಯಂತ್ರದ ಕಡೆಗೆ ಓಡಿದಳು. ನಡುವೆ ಎದ್ದು ನಿಂತ ಜನ. ಮಲ್ಲಾಬಾಯಿ ನನ್ನ ತೋಳನ್ನು ಹಿಡಿದಳು. ಆಗಿನ, ನಲವತ್ತೊಂಬತ್ತು ವಯಸ್ಸಿನ ನನ್ನ ದನಿ ಏಳು ಹೆಸರುಗಳಲ್ಲಿ ಐದನೆಯದನ್ನು ಸ್ಪಷ್ಟವಾಗಿ, ಊರುಸಹಿತ, ಸೀರೆ ಬಳೆಗಳ ಬಣ್ಣಸಹಿತ ಓದಿತು. ಕೊನೆಯ ಮೂರು ಶಬ್ದಗಳನ್ನೂ ಬಿಡಲಿಲ್ಲ. ಅನುರಾಧೆಗೆ ಏನೂ ಗೊತ್ತಿರಲಿಲ್ಲ. "ಎಷ್ಟು ಛಂದ ಬರದಾಳ" ಎಂದು ಚಪ್ಪಾಳೆ ತಟ್ಟಿದಳು, ಉಳಿದವರೂ ತಟ್ಟಿದರು.

ಮರಿಲಿಂಗ ಸಾಲು ದಾಟಿ ನನ್ನೆದುರಿಗೆ ಬಂದು ಕೈಮುಗಿದ.

"ಮಾಸ್ತರ್ರ, ನಿಮ್ಮ ಉಚ್ಚಾರ ಭಾಳ ಸ್ವಚ್ಛ ಅದರಿ. ಒಂದಕ್ಷರ ತಪ್ಪಂಗಿಲ್ಲ."

ಮಲ್ಲಾಬಾಯಿಯ ಕಡೆಗೆ ಆತ ನೋಡಲಿಲ್ಲ.

ಆಮೇಲೆ ಚಹಾದ ಹೋಟೆಲಿಗೆ ಆ ಆಳು ಬರುವುದು ನಿಂತಿತು. ಅದು ಮಲ್ಲಾಬಾಯಿಯನ್ನು ಹೆಚ್ಚು ಹೆದರಿಸಿತು. "ಕಾಯೂದು ಮುಗದದ ಅವರದು" ಎಂದಳು.

ಯುಗಾದಿ ಏಪ್ರಿಲ್ ೯ಕ್ಕೆ ಇತ್ತು. ಆಕೆ ಮಾರ್ಚ್ ಕೊನೆಯಿಂದ ಮಧ್ಯಾಹ್ನದ ಹೊತ್ತು ಬೇರೆಯವರ ಕೆಲಸ ಹಿಡಿಯಲಿಲ್ಲ. ದೇವಾಪುರದ ಬಸ್ಸು ಬಂದಾಗಲೆಲ್ಲ ಯಂತ್ರ ನಿಲ್ಲುತ್ತಿತ್ತು. ಏಪ್ರಿಲ್ ೫, ಶುಕ್ರವಾರ, ಎರಡು ಗಂಟೆಯ ಬಸ್ಸಿನ ಹೊತ್ತಿಗೆ ಸರಿಯಾಗಿ ಹೊಸ್ತಿಲ ಮೇಲೆ ನೆರಳು ಬಿತ್ತು. ಮರಿಲಿಂಗ. ಈ ಸಲ ಕರೆಯದೆಯೇ ಒಳಗೆ ಬಂದ.

"ನಮ್ಮ ತಂಗೀದು ಅಳತಿ ಜಂಪರ ಕೊಡ್ರಿ, ಬಾಯರ. ಇನ್ನ ಮ್ಯಾಲ ಆಕಿ ಮನ್ಯಾಗೇ ಹೊಲಕೋತಾಳ."

"ಆಕಿ ಆರಾಮದಾಳೇನ್ರಿ?"

"ಮನ್ಯಾಗದಾಳ."

"ಕೇಳಿದ್ದು ಆರಾಮಂತ."

"ಮನ್ಯಾಗದಾಳ ಅಂದೆನಲ್ಲರಿ."

ಮಲ್ಲಾಬಾಯಿ ಒಳಗೆ ಹೋಗಿ ಒಂದು ಜಂಪರವನ್ನು ಮಡಿಚಿ ತಂದುಕೊಟ್ಟಳು. ಆತ ಅದನ್ನು ಬಿಡಿಸಿ, ತಿರುವಿ ನೋಡಿ, ಚೀಲಕ್ಕೆ ಹಾಕಿಕೊಂಡ. "ಲೆಕ್ಕ ಚುಕ್ತಾ ಆತಲ್ರಿ. ಮಾಸ್ತರ್ರ, ಇದನ್ನೂ ತಾರೀಖು ಹಾಕಿ ಬರಕೊಳ್ರಿ" ಎಂದು ಹೊರಟುಹೋದ. ಆತ ಹೇಳಿದಂತೆಯೇ ಬರೆದುಕೊಂಡಿದ್ದೇನೆ.

ಆತ ಕಣ್ಮರೆಯಾದ ಮೇಲೆ ಮಲ್ಲಾಬಾಯಿ ಟ್ರಂಕು ತೆಗೆದು ತೋರಿಸಿದಳು. ೧೯೯೭ರ ಜಂಪರ, ಬಣ್ಣ ಬಿಟ್ಟದ್ದು, ಬಗಲಲ್ಲಿ ತೇಪೆಯಿದ್ದದ್ದು, ಅಲ್ಲಿಯೇ ಇತ್ತು. ಆತ ಒಯ್ದದ್ದು ಅದೇ ಅಳತೆಗೆ, ಹಳೆಯ ಬಟ್ಟೆಯಲ್ಲಿ, ಫೆಬ್ರವರಿಯ ಆ ರವಿವಾರದ ಮರುದಿನವೇ ಹೊಲಿದಿಟ್ಟಿದ್ದು.

"ಗಂಡಸರಿಗೆ ಜಂಪರ ಗುರ್ತು ಸಿಗಂಗಿಲ್ಲರಿ. ಆಕಿಗೆ ಹೊಲಿಗಿ ನೋಡಿದ ಕೂಡ್ಲೆ ತಿಳಿತದ, ತನ್ನ ಜಂಪರ ಇನ್ನೂ ಇಲ್ಲೇ ಅದ ಅಂತ."

"ಆಕೆಯ ಕೈಗೆ ಕೊಟ್ಟರೆ" ಎಂದೆ. ಅನ್ನಬಾರದಿತ್ತು.

ಮೇ ೧೨ರಂದು ದೇವಾಪುರದ ಹೆಂಗಸೊಬ್ಬಳು ಹೊಲಿಗೆಗೆ ಬಂದಳು. ಮಾನಮ್ಮ ಎರಡು ತಿಂಗಳಿಂದ ನೀರಿಗೂ ಹೊರಗೆ ಬಂದದ್ದಿಲ್ಲ, ಬೀದಿಯ ಕಡೆಯ ಕಿಡಕಿಗೆ ಹಲಗೆ ಬಡಿದಿದ್ದಾರೆ, ಒಳಗೆ ಯಂತ್ರದ ಸಪ್ಪಳವೂ ಇಲ್ಲ ಎಂದಳು. ಮಾನಮ್ಮನನ್ನು ಹೋಗಿ ನೋಡಬೇಕೆಂದು ನುಜ್ಹತ ಯಾದಗಿರಿಯ ಸರಕಾರಿ ಕಚೇರಿಗಳಿಗೆ ಅರ್ಜಿ ಕೊಟ್ಟಿದ್ದಾಳೆ. ಜೂನ್ ೨೦ರಂದು ಕಚೇರಿಯವರು ಯಾರೋ ದೇವಾಪುರಕ್ಕೆ ಹೋಗಿ, ಮರಿಲಿಂಗನೇ ಬಡಿಸಿದ ಊಟ ಮಾಡಿ, ಎಲ್ಲ ಸರಿಯಿದೆ ಎಂದು ಬರೆದುಕೊಂಡು ಬಂದರು.

ಇಂದು ೨೦೨೪ರ ಜೂನ್ ೩೦, ರವಿವಾರ. ನಾಗಪಂಚಮಿ ಆಗಸ್ಟ್ ೯ಕ್ಕೆ. ಮಲ್ಲಾಬಾಯಿ ಹಳೆಯ ಜಂಪರವನ್ನು ಟ್ರಂಕಿನಿಂದ ತೆಗೆದು ಮತ್ತೆ ಗೂಟಕ್ಕೆ, ಬೀದಿಗೆ ಕಾಣುವಂತೆ ತೂಗುಹಾಕಿದ್ದಾಳೆ. ತೆಗೆದಿಡು ಎಂದು ನಾನು ಎರಡು ಸಲ ಹೇಳಿದೆ. ಆಕೆ ಯಂತ್ರ ತುಳಿಯುತ್ತಲೇ ಇದ್ದಳು. ನಿನ್ನೆಯಿಂದ ಎದುರಿನ ಹೋಟೆಲಿನಲ್ಲಿ ಮರಿಲಿಂಗನ ಆ ಆಳು ಮತ್ತೆ ಬಂದು ಕುಳಿತಿದ್ದಾನೆ.