ಬಿಸಿಲಿಗೆ ಹಿಡಿದ ಬ್ಲೌಸ್ ಪೀಸ್

“ಅಂಗಡಿ ಕೊಟ್ಬಿಡ್ತೀನಿ ಅಕ್ಕಾ. ಸೋಮವಾರ ಮೊಬೈಲ್ ಅಂಗಡಿಯವ್ರು ಬರ್ತಾರೆ, ಮಾತು ಮುಗಿಸ್ತೀನಿ.”

ಕೊಡಿಗೇಹಳ್ಳಿಯ ನಮ್ಮ ಮ್ಯಾಚಿಂಗ್ ಸೆಂಟರಿನ ಶಹನಾಜ್ ಹೀಗಂದಾಗ ನನಗೆ ಸಿಟ್ಟೇ ಬಂತು. ಅವಳ ಅಮ್ಮ ಶುರುಮಾಡಿದ ಅಂಗಡಿ ಅದು. ಮದುವೆಯಾದಾಗಿನಿಂದ ಅದನ್ನು ಬಿಟ್ಟು ಬೇರೆ ಕಡೆ ನಾನು ಒಂದು ಫಾಲ್ಸನ್ನೂ ಕೊಂಡವಳಲ್ಲ. ಹೋದ ವರ್ಷ ಶಹನಾಜ್ ಮಾಲ್ ನೋಡಿ ಬಂದವಳೇ ಎಲ್ಲವನ್ನೂ ಝಗಮಗ ಮಾಡಿಸಿದ್ದಳು. ಬ್ಲೌಸ್ ಪೀಸಿಗೊಂದು ಕೌಂಟರ್, ಲೈನಿಂಗಿಗೊಂದು, ಫಾಲ್ಸ್ ಮತ್ತು ದಾರ ಕಟ್ಟಕಡೆಗೆ. ಎಷ್ಟು ನೀಟ್! ಗಿರಾಕಿಗಳು ಮಾತ್ರ ಮಾಯ.

“ಭಾನುವಾರ ನನ್ ಜೊತೆ ಬಾ,” ಅಂದೆ. ಯಲಹಂಕ ನ್ಯೂ ಟೌನಿನ ಒಂದು ಸಭಾಂಗಣದಲ್ಲಿ ಇನ್ಫರ್ಮೇಶನ್ ಆರ್ಕಿಟೆಕ್ಚರ್ ಹಬ್ಬ. ಎಂಟ್ರಿ ಫ್ರೀ. (ಫ್ರೀ ಅಂದರೆ ನಾನು ಬಿಡುವವಳಲ್ಲ, ನಿಮಗೆ ಗೊತ್ತು.) ಹೆಸರು ಕೇಳಿ ಹೆದರಬೇಡಿ. ಹುಡುಕುವವರಿಗೆ ಥಟ್ಟನೆ ಸಿಗುವಂತೆ ವಿಷಯಗಳನ್ನು ಜೋಡಿಸುವ ವಿದ್ಯೆ, ಅಷ್ಟೆ. ವೆಬ್‌ಸೈಟ್ ಮಾಡುವವರ ಕಸುಬು. ಆದರೆ ಊರಿನವರೂ ಬರಲಿ, ತಮ್ಮ ತಲೆನೋವನ್ನೂ ತರಲಿ ಅಂತ ಪೋಸ್ಟರಿನಲ್ಲೇ ಕರೆದಿದ್ದರು.

ಶಹನಾಜ್ ತನ್ನ ತಲೆನೋವನ್ನು, ಅಂದರೆ ಅಂಗಡಿಯ ಒಂದಷ್ಟು ಬ್ಲೌಸ್ ಪೀಸ್, ಲೈನಿಂಗ್, ಫಾಲ್ಸ್, ದಾರವನ್ನು, ಬ್ಯಾಗಿನಲ್ಲಿ ತುಂಬಿಕೊಂಡು ಬಂದಳು.

ಕಾರ್ಯಕ್ರಮ ನಡೆಸುತ್ತಿದ್ದ ದಿವ್ಯಾ ಎಂಬ ಹುಡುಗಿ ಮೇಜುಗಳನ್ನು ಹಾಕಿಸಿ, “ನಿಮ್ಮಂಗಡೀಲಿ ಹೇಗಿದ್ಯೋ ಹಾಗೇ ಜೋಡ್ಸಿ ಮೇಡಂ,” ಅಂದಳು. ಗಿರಾಕಿ ಯಾರು? ಇನ್ಯಾರು, ನಾನೇ!

ನನ್ನ ಸೀರೆ ಒಂಥರಾ ಬದನೆಕಾಯಿ ಬಣ್ಣ. ಬ್ಲೌಸ್ ಪೀಸ್ ಆರಿಸಿ, ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದೆ. (ಟ್ಯೂಬ್‌ಲೈಟಿನಲ್ಲಿ ಕಂಡ ಬಣ್ಣವನ್ನು ನಂಬುವ ಹೆಂಗಸು ಯಾರಿದ್ದಾರೆ?) ವಾಪಸ್ ಬಂದು ಲೈನಿಂಗ್ ತೆಗೆದೆ. ಮತ್ತೆ ಬಾಗಿಲಿಗೆ. ಆಮೇಲೆ ಫಾಲ್ಸ್. ಮತ್ತೆ ಬಾಗಿಲಿಗೆ! ದಾರದ ಸರದಿ ಬರುವ ಹೊತ್ತಿಗೆ “ಸಾಕಪ್ಪಾ ಸಾಕು” ಅಂತ ಕುರ್ಚಿಯಲ್ಲಿ ಕೂತುಬಿಟ್ಟೆ. ಎಲ್ಲರೂ ನಕ್ಕರು.

ಶಹನಾಜ್ ನಗಲಿಲ್ಲ. “ಯಾ ಅಲ್ಲಾ! ನಮ್ ಅಮ್ಮಿ ಕಾಲದಲ್ಲಿ ಒಂದೊಂದ್ ಬಣ್ಣದ್ದೆಲ್ಲಾ ಒಂದೇ ಗೂಡಲ್ಲಿ ಇರ್ತಿತ್ತು. ಒಟ್ಟಿಗೆ ಎತ್ಕೊಂಡು ಒಂದೇ ಸಲ ಬಿಸಿಲಿಗೆ ಹೋಗ್ತಿದ್ರು. ಗಲೀಜಾಗಿ ಕಾಣತ್ತೆ ಅಂತ ನಾನೇ ತೆಗೆಸ್ಬಿಟ್ಟೆ.”

“ಹಾಗಾದ್ರೆ ಈಗ್ಲೇ ಬದ್ಲಾಯ್ಸೋಣ,” ಅಂದಳು ದಿವ್ಯಾ. ಲ್ಯಾಪ್‌ಟಾಪ್ ಮುಚ್ಚಿ ಎದ್ದ ಗಂಡಸರೂ ಬದನೆಗೂ ನೇರಳೆಗೂ ಏನು ವ್ಯತ್ಯಾಸ ಅಂತ ವಾದ ಮಾಡುತ್ತಲೇ ಬಣ್ಣ ವಿಂಗಡಿಸಿದರು. ಮೇಜನ್ನು ಬಾಗಿಲ ಪಕ್ಕಕ್ಕೇ ಎಳೆದರು. ಈ ಸಲ ನನ್ನ ಬ್ಲೌಸ್ ಪೀಸ್, ಲೈನಿಂಗ್, ಫಾಲ್ಸ್, ದಾರ ಎಲ್ಲ ಒಂದೇ ಓಟಕ್ಕೆ ಮುಗಿಯಿತು. ಶಹನಾಜ್ ಮುಖ ಅರಳಿದ್ದನ್ನು ನೋಡಿ, ನಿಜ ಹೇಳುತ್ತೇನೆ, ನನಗೆ ಅಳು ಬಂತು.

ಸೋಮವಾರ ಮೊಬೈಲ್ ಅಂಗಡಿಯವರಿಗೆ ಚಹಾ ಕುಡಿಸಿ, “ಕೊಡಲ್ಲ ಭಾಯ್” ಅಂತ ಹೇಳಿ ಕಳಿಸಿದಳಂತೆ. ಅವತ್ತೇ ಅಂಗಡಿಯನ್ನೂ ಅಮ್ಮಿ ಕಾಲದ ಹಾಗೆ ಬಣ್ಣಕ್ಕೊಂದು ಗೂಡು ಮಾಡಿ ಜೋಡಿಸಿದಳಂತೆ.

ಮೊನ್ನೆ ಹೋದರೆ, ಅಂಗಡಿಯ ಮೆಟ್ಟಿಲ ಮೇಲೆ ನಾಲ್ಕಾರು ಹೆಂಗಸರು ಸೆರಗಿನ ಜೊತೆ ಬ್ಲೌಸ್ ಪೀಸ್, ಲೈನಿಂಗ್ ಎಲ್ಲ ಒಟ್ಟಿಗೆ ಬೆಳಕಿಗೆ ಹಿಡಿದು ನಿಂತಿದ್ದರು. ಸಲುಗೆಯಿಂದ ಒಳಗೆ ನುಗ್ಗಲು ನೋಡಿದೆ. “ಅಕ್ಕಾ, ಸ್ವಲ್ಪ ಹಿಂದೆ ನಿಂತ್ಕೊಳ್ಳಿ, ಅವ್ರು ಮೊದ್ಲು ಬಂದಿದ್ದು!” ಅಂದಳು ಮಹಾರಾಯ್ತಿ.

ಹಳೇ ಗಿರಾಕಿಯ ಮರ್ಯಾದೆ ಹೋದರೆ ಹೋಗಲಿ ಬಿಡಿ, ಅಂಗಡಿ ಉಳಿಯಿತಲ್ಲ?